ಸಭೆಯಲ್ಲಿ ಮಾತಿಗೆ ಬರವಿಲ್ಲ, ಕೇಳಿಸಿಕೊಳ್ಳುವವರು ಯಾರು?

ಕನಕಪುರ ರಸ್ತೆ ಕಾರ್ಯದರ್ಶಿ

ಎಂಬತ್ತು ಚಿಲ್ಲರೆ ಮನೆಗಳಿರುವ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಮುಂದೆ ಬರದ ಕಾರಣ ಕೊರಳಿಗೆ ಬಿದ್ದ ಹುದ್ದೆ. ನಮ್ಮಲ್ಲಿ ನೀರಿನ ವೆಚ್ಚ ಈಗಲೂ ಚದರಡಿ ಲೆಕ್ಕದಲ್ಲಿ ನಿರ್ವಹಣಾ ಶುಲ್ಕದೊಳಗೇ ಸೇರಿಹೋಗುತ್ತದೆ. ಒಂಟಿಯಾಗಿರುವ ನಿವೃತ್ತರೂ ಆರು ಮಂದಿಯ ಸಂಸಾರದವರೂ ಕೊಡುವುದು ಹೆಚ್ಚುಕಡಿಮೆ ಅಷ್ಟೇ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಬಂತೇ ಎಂದು ಬಾಲ್ಕನಿಯಿಂದ ಇಣುಕಿದವರಿಗೆ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರುವವರಿಗೆ, ಮನೆಗೊಂದು ಮೀಟರ್ ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಸಭೆ ಒಂದಡಿ ಮುಂದಕ್ಕೆ ಹೋಗುವುದಿಲ್ಲ. ಒಬ್ಬರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಇನ್ನೊಬ್ಬರ ಉತ್ತರ ಸಿದ್ಧ. ಕಳೆದ ಬಾರಿ ಮೂರನೇ ಮಹಡಿಯ ಹಿರಿಯ ಮಹಿಳೆಯೊಬ್ಬರು "ಮೀಟರ್ ಬೇಡ ಎಂದರೆ ಬೇಡ" ಎಂದರು. ತಕ್ಷಣ ನಾಲ್ಕು ಮಂದಿ ಅವರಿಗೆ ಮೀಟರಿನ ಬೆಲೆ, ಉಳಿತಾಯ, ಪರಿಸರ ಎಲ್ಲವನ್ನೂ ಬೋಧಿಸಿದರು. ಅವರು ಎದ್ದು ಹೋದರು. ನಡವಳಿ ಪುಸ್ತಕದಲ್ಲಿ "ವಿಷಯವನ್ನು ಮುಂದೂಡಲಾಯಿತು" ಎಂದು ಬರೆದೆ.

ನಮ್ಮ ಕಚೇರಿಯಲ್ಲಿ ಹಿಂದೊಮ್ಮೆ ಸಂವಹನ ತರಬೇತಿ ಕೊಟ್ಟಿದ್ದರು. ಕಣ್ಣಿಗೆ ಕಣ್ಣು ಕೊಟ್ಟು ಕೇಳಿ, ತಲೆಯಾಡಿಸಿ, ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7 ಮಾತ್ರ, ದನಿಯದು ಶೇ 38, ಮುಖಭಾವದ್ದು ಶೇ 55 ಎಂದೆಲ್ಲ ಹೇಳಿದರು. ಅದರಿಂದ ನಮ್ಮ ಸಭೆಗೆ ಏನೂ ಸಿಗಲಿಲ್ಲ. ಕೇಳಿಸಿಕೊಳ್ಳುವುದನ್ನು ನಿಜವಾಗಿ ಕಲಿಯಬಹುದೇ? ನಿಮ್ಮ ವೃತ್ತಿಯಲ್ಲಿ, ಮನೆಯಲ್ಲಿ ಫಲ ಕೊಟ್ಟದ್ದೇನಾದರೂ ಇದ್ದರೆ ಬರೆಯಿರಿ. ಉಪದೇಶ ಬೇಡ.

ಸಂಶಯಪಿಶಾಚಿ

ಮೊದಲು ಆ 7-38-55ರ ಬಾಲ ಕತ್ತರಿಸೋಣ. ಅದು ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಹೆಕ್ಕಿದ ಲೆಕ್ಕ. ಅವರು ಪರೀಕ್ಷಿಸಿದ್ದು ಬಿಡಿ ಪದಗಳನ್ನು, ಅವುಗಳನ್ನು ಹೇಳಿದ ದನಿಯನ್ನು, ಜೊತೆಗೆ ಮುಖದ ಚಿತ್ರಗಳನ್ನು. ಹೇಳುವವರಿಗೆ ನಮ್ಮ ಮೇಲೆ ಒಲವಿದೆಯೋ ಇಲ್ಲವೋ ಎಂಬುದು ಪ್ರಶ್ನೆ. ಪದವೊಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬುದು ಉತ್ತರ. ಎಲ್ಲ ಮಾತಿಗೂ ಇದು ಅನ್ವಯವಾಗುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಪದಗಳ ಪಾಲು ಶೇ 7 ಆಗಿದ್ದರೆ ನೀವು ತಮಿಳು ಧಾರಾವಾಹಿಯನ್ನು ಮುಖ ನೋಡಿಯೇ ಶೇ 93 ಅರ್ಥ ಮಾಡಿಕೊಳ್ಳಬೇಕಿತ್ತು.

ತರಬೇತಿ ಕೊಡುವವರಿಗೆ ಈ ಸಂಖ್ಯೆ ಬಲು ಇಷ್ಟ, ಏಕೆಂದರೆ ಒಂದೇ ಸ್ಲೈಡಿನಲ್ಲಿ ಹಿಡಿಯುತ್ತದೆ.

ನಿವೃತ್ತ ಸ್ಟೇಷನ್ ಮಾಸ್ಟರ್

ಅಮ್ಮಾ, ನಾನು ಬೆಂಗಳೂರು ವಿಭಾಗದ ಸಣ್ಣ ನಿಲ್ದಾಣಗಳಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ "ಕೇಳಿಸಿತು" ಎಂಬ ಮಾತಿಗೆ ಬೆಲೆಯಿರಲಿಲ್ಲ. ರೈಲು ಬರುವ ಮುಂಚೆ ಲೆವೆಲ್ ಕ್ರಾಸಿಂಗಿನ ಗೇಟ್‌ಮ್ಯಾನ್‌ಗೆ ಫೋನ್ ಮಾಡಿ ಗಾಡಿಯ ಸಂಖ್ಯೆ ಹೇಳಬೇಕು. ಅವನು ಅದನ್ನು ತಿರುಗಿ ಹೇಳಬೇಕು. ಗೇಟು ಹಾಕಿ ಬೀಗ ಹಾಕಿದ ಮೇಲೆ ತನ್ನ ಬಳಿಯಿರುವ ಹಾಳೆಯಿಂದ ಒಂದು ಪ್ರೈವೇಟ್ ನಂಬರ್ ಕೊಡಬೇಕು. ಎರಡಂಕಿಯ ಸಂಖ್ಯೆ, ಕ್ರಮವಾಗಿ ಬರುವುದಿಲ್ಲ, ಊಹಿಸಲು ಆಗುವುದಿಲ್ಲ. ಅವನು ತನ್ನ ಹಾಳೆಯಲ್ಲಿ ಅದನ್ನು ಹೊಡೆದುಹಾಕುತ್ತಾನೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಸಿಗ್ನಲ್ ಇಲ್ಲ. ಅವನು ನನಗೆ ಎಷ್ಟು ಆಪ್ತನಾಗಿದ್ದರೂ ಅಷ್ಟೇ. ನಡುರಾತ್ರಿ ನಿದ್ದೆಗಣ್ಣಿನಲ್ಲಿ "ಹೂಂ ಸಾರ್" ಎಂದರೆ ಅದನ್ನು ಕೇಳಿಸಿಕೊಂಡ ಲೆಕ್ಕಕ್ಕೆ ಸೇರಿಸುವಂತಿಲ್ಲ.

ವಿಮಾನದವರದ್ದೂ ಇದೇ ಪದ್ಧತಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನದವರು ನಾವು ಹೊರಟೆವು ಎಂಬ ಅರ್ಥದಲ್ಲಿ ಹೇಳಿದ್ದನ್ನು ನಿಯಂತ್ರಣ ಗೋಪುರದವರು ಹೊರಡಲು ಸಿದ್ಧರಾಗಿದ್ದಾರೆ ಎಂದು ತಿಳಿದು "ಓಕೆ" ಎಂದರು. ಮುಂದಿನ ಎಚ್ಚರಿಕೆಯ ಮಾತು ರೇಡಿಯೋ ಕೀರಲಿನಲ್ಲಿ ಹೂತುಹೋಯಿತು. ಆಮೇಲೆ ಜಗತ್ತಿನಾದ್ಯಂತ ರೇಡಿಯೋದ ನುಡಿಗಟ್ಟುಗಳನ್ನೇ ಬಿಗಿಗೊಳಿಸಿದರು.

ನಿಮ್ಮ ಸಭೆಗೆ ಒಂದು ನಿಯಮ ಮಾಡಿ: ಒಬ್ಬರ ಮಾತಿಗೆ ಉತ್ತರ ಕೊಡುವವರು ಮೊದಲು ಅವರು ಹೇಳಿದ್ದನ್ನು ತಿರುಗಿ ಹೇಳಬೇಕು. ಹೇಳಿದವರು "ಹೌದು, ಅದೇ" ಎನ್ನಬೇಕು. ಆಮೇಲೆ ಉತ್ತರ.

ಸಂಶಯಪಿಶಾಚಿ

ಮಾಸ್ಟರ್ ಸಾಹೇಬರೇ, ಗಾಡಿಯ ಸಂಖ್ಯೆಗೆ ಇದು ಸರಿ. ಮನುಷ್ಯರ ದೂರಿಗೆ? ಇಂಟರ್ನೆಟ್ ಕೆಟ್ಟಾಗ ಫೋನ್ ಮಾಡಿದರೆ ಆ ಕಡೆಯವರು "ನಿಮ್ಮ ಸಂಪರ್ಕ ಕಡಿತಗೊಂಡಿದೆ ಎಂದು ನನಗೆ ಅರ್ಥವಾಗುತ್ತದೆ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ" ಎಂದು ಗಿಳಿಪಾಠ ಒಪ್ಪಿಸುತ್ತಾರೆ. ತಿರುಗಿ ಹೇಳಿದ್ದಕ್ಕೇ ಸಿಟ್ಟು ಇಮ್ಮಡಿಯಾಗುತ್ತದೆ.

ವೈದ್ಯೆ, ರಾಜಾಜಿನಗರ

ಗಿಳಿಪಾಠಕ್ಕೆ ಸಿಟ್ಟು ಬರುವುದು ಸಹಜ, ಏಕೆಂದರೆ ಅಲ್ಲಿ ವಾಕ್ಯ ಮೊದಲೇ ಬರೆದಿಟ್ಟದ್ದು. ನೀವು ಏನು ಹೇಳಿದರೂ ಅದೇ ಬರುತ್ತದೆ. ತಪ್ಪಾಗಬಹುದಾದ ರೀತಿಯಲ್ಲಿ ತಿರುಗಿ ಹೇಳಿದರೆ ಮಾತ್ರ ಅದಕ್ಕೆ ಜೀವ. "ಅಂದರೆ ನೋವಿಗಿಂತ ಹೆಚ್ಚಾಗಿ, ರಾತ್ರಿ ಒಬ್ಬರೇ ಇರುವಾಗ ಬಂದರೆ ಏನು ಮಾಡುವುದು ಎಂಬ ಭಯವೇ?" ಎಂದು ಕೇಳಿದರೆ ರೋಗಿ "ಅಲ್ಲ ಡಾಕ್ಟರೇ" ಎಂದು ತಿದ್ದಬಹುದು. ತಿದ್ದಿದರೂ ನನಗೆ ಲಾಭವೇ.

ನಮ್ಮ ವೃತ್ತಿಯ ಲೆಕ್ಕವನ್ನೂ ಇಟ್ಟುಬಿಡುತ್ತೇನೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಧ್ವನಿಮುದ್ರಿಸಿ ನೋಡಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಹಾಗೆ ತಡೆಯದೆ ಬಿಟ್ಟರೆ ರೋಗಿಗಳು ಹತ್ತು ನಿಮಿಷ ಕೊರೆಯುತ್ತಾರೆ ಎಂಬುದು ನಮ್ಮವರ ಭಯ. ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ವೈದ್ಯರಿಗೆ ಸುಮ್ಮನೆ ಕೇಳಲು ಹೇಳಿ, ಗುಟ್ಟಾಗಿ ಸಮಯ ಅಳೆದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 335 ರೋಗಿಗಳಿದ್ದರು. ತಾವಾಗಿ ಮಾತು ನಿಲ್ಲಿಸಲು ಅವರು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡ್. ಎರಡು ನಿಮಿಷದೊಳಗೆ ನಾಲ್ವರಲ್ಲಿ ಮೂವರಿಗೂ ಹೆಚ್ಚು ಜನ ಮುಗಿಸಿದ್ದರು.

ನನ್ನ ಕ್ಲಿನಿಕ್‌ನಲ್ಲಿ ಸಂಜೆ ಸಾಲು ಬೀದಿಗೆ ಬಂದಿರುತ್ತದೆ. ಎಲ್ಲ ದಿನವೂ ಪೂರ್ತಿ ಕೇಳುತ್ತೇನೆ ಎಂದರೆ ಸುಳ್ಳಾಗುತ್ತದೆ. ಆದರೆ ಮೊದಲೇ ತಡೆದ ರೋಗಿ ಚೀಟಿ ಹಿಡಿದು ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟುತ್ತಾ "ಇನ್ನೊಂದು ವಿಷಯ ಡಾಕ್ಟರೇ" ಎನ್ನುತ್ತಾರೆ. ಆ ಇನ್ನೊಂದು ವಿಷಯಕ್ಕೇ ಅವರು ಬಂದಿರುತ್ತಾರೆ. ಮತ್ತೆ ಕೂರಿಸಬೇಕು. ಉಳಿಸಿದೆ ಎಂದುಕೊಂಡ ಸಮಯ ಅಲ್ಲಿಗೆ ಖರ್ಚು.

ಭಾಷಾವಿಜ್ಞಾನ ವಿದ್ಯಾರ್ಥಿನಿ

ಕಾರ್ಯದರ್ಶಿಯವರು "ಉತ್ತರ ಸಿದ್ಧ" ಎಂದು ಬರೆದದ್ದು ಅಕ್ಷರಶಃ ನಿಜ. ನೆದರ್‌ಲೆಂಡ್ಸಿನ ಮಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಜಪಾನಿಯರು ಎಲ್ಲರಿಗಿಂತ ಚುರುಕು, ಡೇನ್ ಜನ ನಿಧಾನ. ನಿಧಾನ ಎಂದರೂ ಅರ್ಧ ಸೆಕೆಂಡಿನ ಒಳಗೇ.

ಒಂದು ಚಿತ್ರ ತೋರಿಸಿ ಅದರ ಹೆಸರು ಹೇಳಿ ಎಂದರೆ ನಾಲಿಗೆಗೆ ಪದ ಬರಲು ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ ನೋಡಿ: ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಾವು ನಮ್ಮ ಉತ್ತರವನ್ನು ಕಟ್ಟಲು ಆರಂಭಿಸಿರುತ್ತೇವೆ. ಇದು ಕೆಟ್ಟ ಗುಣ ಎನ್ನುವಂತಿಲ್ಲ; ಸಂಭಾಷಣೆ ಕುಂಟದೆ ಸಾಗುವುದೇ ಇದರಿಂದ. ಆದರೆ ವಿಷಯ ಸೂಕ್ಷ್ಮವಾದಾಗ ಕೊನೆಯ ಕೆಲವು ಪದಗಳು ನಮ್ಮ ಕಿವಿಯ ಹೊರಗೇ ಉಳಿಯುತ್ತವೆ. ಕನ್ನಡದಲ್ಲಿ ಅದು ಇನ್ನೂ ಅಪಾಯ. "ನಾನು ಅದಕ್ಕೆ ಒಪ್ಪು..." ಎಂಬಲ್ಲಿಗೆ ನಮ್ಮ ಗಮನ ಜಾರಿದರೆ, ಮುಂದೆ "...ತ್ತೇನೆ" ಬಂತೋ "...ವುದಿಲ್ಲ" ಬಂತೋ ಗೊತ್ತಾಗುವುದಿಲ್ಲ. ನಮ್ಮ ಇಲ್ಲ, ಬಹುದು, ಬೇಕಿತ್ತು ಎಲ್ಲವೂ ಕೂರುವುದು ವಾಕ್ಯದ ತುದಿಯಲ್ಲಿ.

ಮಾಸ್ಟರ್ ಹೇಳಿದ ನಿಯಮದ ಗುಟ್ಟು ಇಲ್ಲಿದೆ ಎಂದು ನನ್ನ ಊಹೆ. ತಿರುಗಿ ಹೇಳಲೇಬೇಕು ಎಂದಾದಾಗ ಮನಸ್ಸು ಕಟ್ಟುವುದು ಉತ್ತರವನ್ನಲ್ಲ, ಅವರ ಮಾತನ್ನು.

ಗಣಿತದ ಮೇಡಂ

ಶಾಲೆಯಲ್ಲಿ ಇದಕ್ಕೊಂದು ಹಳೆಯ ಪ್ರಯೋಗವಿದೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತೋರಿಸಿದ್ದು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದು ಹೇಗೋ, ಮಗು ಉತ್ತರ ನಿಲ್ಲಿಸಿದ ಮೇಲೆ ಕಾಯುವುದೂ ಅಷ್ಟೇ ಮುಖ್ಯ ಎಂದು ಅವರು ಕಂಡುಕೊಂಡರು. ಈ ಎರಡನೆಯದನ್ನು ಯಾರೂ ಮಾಡುವುದಿಲ್ಲ.

ಏಳನೇ ತರಗತಿಯಲ್ಲಿ ನಾನು ಮಾಡುವುದು ಇಷ್ಟು. ಮಗು "ಮೂರರಿಂದ ಭಾಗಿಸಬೇಕು" ಎಂದು ನಿಲ್ಲಿಸುತ್ತದೆ. ನಾನು "ಸರಿ" ಎನ್ನದೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಬಹಳ ಸಲ ಅದೇ ಮಗು "...ಏಕೆಂದರೆ" ಎಂದು ಮತ್ತೆ ಶುರು ಮಾಡುತ್ತದೆ. ಆ "ಏಕೆಂದರೆ"ಯಲ್ಲಿ ಅದು ಲೆಕ್ಕವನ್ನು ಅರ್ಥ ಮಾಡಿಕೊಂಡಿದೆಯೋ, ಪಕ್ಕದವನದ್ದನ್ನು ನೋಡಿದೆಯೋ ಎರಡೂ ಬಯಲು.

ತಾಳಮದ್ದಲೆ ಹುಚ್ಚ

ಇಷ್ಟೆಲ್ಲ ವಿದೇಶದ ಲೆಕ್ಕ ಹೇಳುತ್ತೀರಿ, ನಮ್ಮ ತಾಳಮದ್ದಲೆಯನ್ನು ಯಾರೂ ನೆನೆಯಲಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅರ್ಥ ಹೇಳುತ್ತಾನೆ, ಎದುರಿನವನು ಅದಕ್ಕೆ ಜವಾಬು ಕೊಡಬೇಕು. ಮನೆಯಿಂದ ಕಂಠಪಾಠ ಮಾಡಿಕೊಂಡು ಬಂದವನು ಹತ್ತೇ ನಿಮಿಷಕ್ಕೆ ಸಿಕ್ಕಿಬೀಳುತ್ತಾನೆ, ಏಕೆಂದರೆ ಕೃಷ್ಣ ಏನೋ ಕೇಳಿದರೆ ಇವನ ಕೌರವ ಇನ್ನೇನನ್ನೋ ಹೇಳುತ್ತಿರುತ್ತಾನೆ. ಪಳಗಿದ ಅರ್ಥಧಾರಿ ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು "ನೀನು ಹೇಳಿದ್ದು ಇದಲ್ಲವೇ? ಹಾಗಿದ್ದರೆ ಕೇಳು" ಎಂದು ಏಳುತ್ತಾನೆ. ಬೆಂಗಳೂರಿನಲ್ಲಿ ಕರಾವಳಿಯವರು ಸೇರಿ ಕೂಟ ಏರ್ಪಡಿಸುತ್ತಲೇ ಇರುತ್ತಾರೆ. ಸಭೆಗೆ ಬರುವ ನಾಲ್ಕು ಮಂದಿ ಬೋಧಕರನ್ನು ಒಮ್ಮೆ ಕರೆದುಕೊಂಡು ಹೋಗಿ. ಗೆಲ್ಲುವುದಕ್ಕಾದರೂ ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ತಿಳಿಯಲಿ.

ಮಧ್ಯಸ್ಥಿಕೆ ವಕೀಲ

ಆ ಹಿರಿಯ ಮಹಿಳೆಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಸಭೆಯ ನಿಯಮ ಹೇಳುತ್ತಿದ್ದೀರಿ, ಅವರು ಈಗ ಸಭೆಗೇ ಬರುವುದಿಲ್ಲವಲ್ಲ.

ಹೈಕೋರ್ಟಿನ ಅಡಿಯಲ್ಲಿ 2007ರ ಜನವರಿ 1ರಂದು ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ನಡೆಯುವುದನ್ನು ಹೇಳುತ್ತೇನೆ. ಮೊದಲು ಇಬ್ಬರೂ ಪಕ್ಷದವರನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬರ ಮಾತನ್ನು ತಡೆಯಿಲ್ಲದೆ ಕೇಳುತ್ತಾರೆ. ಆಮೇಲೆ ಬೇಕಾದರೆ ಪ್ರತ್ಯೇಕವಾಗಿ ಕರೆದು ಮಾತನಾಡಿಸುತ್ತಾರೆ. ಪ್ರತ್ಯೇಕ ಕೊಠಡಿಯಲ್ಲಿ ಹೇಳಿದ್ದನ್ನು ಅವರ ಅನುಮತಿ ಇಲ್ಲದೆ ಎದುರು ಪಕ್ಷಕ್ಕೆ ಹೇಳುವಂತಿಲ್ಲ. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲೂ ಈ ಗೋಪ್ಯತೆಯ ನಿಯಮ ಬರೆದಿದೆ. ನಾಲ್ಕು ಜನರ ಮುಂದೆ "ಜಮೀನು ಬಿಡುವುದಿಲ್ಲ" ಎಂದು ತೊಡೆ ತಟ್ಟಿದ ಅಣ್ಣ, ಬಾಗಿಲು ಹಾಕಿದ ಮೇಲೆ "ಅಪ್ಪನ ತಿಥಿಗೆ ಅವನು ನನ್ನನ್ನು ಕರೆಯಲಿಲ್ಲ" ಎನ್ನುತ್ತಾನೆ.

ಬೇಡ ಎಂಬುದು ನಿಲುವು. ಅದರ ಹಿಂದಿನ ಕಾರಣ ಬೇರೆ ಇರುತ್ತದೆ, ಅದು ಜನರ ಮುಂದೆ ಹೊರಬರುವುದಿಲ್ಲ. ಅವರ ಮನೆಗೆ ಹೋಗಿ. ಕೈಯಲ್ಲಿ ಮೀಟರಿನ ಕೊಟೇಷನ್ ಇರಬಾರದು.

ದಾಸರಹಳ್ಳಿ ಓದುಗ

ಒಂದು ಪ್ರಶ್ನೆ: ನಿಮ್ಮ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ನನ್ನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಎಲ್ಲವೂ ಇಂಗ್ಲಿಷ್. ಅಧ್ಯಕ್ಷರು ಕನ್ನಡದವರೇ. ಅಲ್ಲಿ ನಮ್ಮ ಭಾವನವರಂಥವರು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಕೊನೆಗೆ ಅವರ ಬಾಯಿಂದ ಬರುವುದು "ನೋ" ಎಂಬ ಒಂದೇ ಪದ, ಅದೂ ಒರಟಾಗಿ. ಆಮೇಲೆ "ಆ ಅಂಕಲ್ ಬಹಳ ಹಟಮಾರಿ" ಎಂಬ ಬಿರುದು.

ಇನ್ನು ನೀರಿನ ಮೋಟಾರ್ ಹಾಕುವ, ಟ್ಯಾಂಕರಿನವರ ಜೊತೆ ಗುದ್ದಾಡುವ ಕಾವಲುಗಾರರನ್ನು ಒಂದು ಮಾತು ಕೇಳಿದ್ದೀರಾ? ಯಾವ ಮನೆಯ ತೊಟ್ಟಿ ರಾತ್ರಿಯಿಡೀ ತುಂಬಿ ಹರಿಯುತ್ತದೆ ಎಂದು ಅವರಿಗೆ ಗೊತ್ತು. ದಿನವಿಡೀ ಎಲ್ಲರ ಮಾತು ಕೇಳಿಸಿಕೊಳ್ಳುವುದೇ ಅವರ ಕೆಲಸ, ಅವರದನ್ನು ಕೇಳುವವರಿಲ್ಲ.

ಕನಕಪುರ ರಸ್ತೆ ಕಾರ್ಯದರ್ಶಿ

ಹೌದು, ನಮ್ಮದೂ ಮುಕ್ಕಾಲು ಪಾಲು ಇಂಗ್ಲಿಷೇ.

ಭಾನುವಾರ ಮೂರನೇ ಮಹಡಿಗೆ ಹೋಗಿದ್ದೆ. ಕಾಫಿ ಕೊಟ್ಟರು. ಮೀಟರ್ ಮಾತೆತ್ತದೆ, "ಅಮ್ಮಾ, ಅಂದು ನಿಮ್ಮ ಮಾತು ಪೂರ್ತಿಯಾಗಲಿಲ್ಲ" ಎಂದೆ. ಮೇಡಂ ಹೇಳಿದ ಮೂರು ಸೆಕೆಂಡ್ ಕಾಯುವುದು ಎಷ್ಟು ಕಷ್ಟ ಎಂದು ಅಲ್ಲಿ ತಿಳಿಯಿತು; ಲೋಟದ ಕಡೆ ನೋಡುತ್ತಾ ಕುಳಿತೆ. ಆಗ ಹೇಳಿದರು. ಅವರ ಯಜಮಾನರಿಗೆ ಪಾರ್ಶ್ವವಾಯು, ಮನೆಯೊಳಗೇ ಇದ್ದಾರೆ. ನಮ್ಮ ಕಟ್ಟಡದಲ್ಲಿ ಪ್ರತಿ ಬಚ್ಚಲಿಗೂ ಬೇರೆ ಬೇರೆ ಕೊಳವೆ ಇಳಿಯುವುದರಿಂದ ಮೀಟರುಗಳನ್ನು ಬಚ್ಚಲಿನ ಗೋಡೆಯಲ್ಲೇ ಕೂರಿಸಬೇಕು. ಪ್ಲಂಬರ್ ಬಂದು ನೋಡಿದಾಗ ಟೈಲ್ಸ್ ಒಡೆಯಬೇಕು, ಒಂದೆರಡು ದಿನ ನೀರು ನಿಲ್ಲಿಸಬೇಕು ಎಂದು ಇವರಿಗೆ ಹೇಳಿ ಹೋಗಿದ್ದಾನೆ. ಆ ದಿನಗಳಲ್ಲಿ ಯಜಮಾನರ ಶೌಚಕ್ಕೆ ಏನು ಮಾಡುವುದು? ಅದನ್ನು ಎಂಬತ್ತು ಮನೆಯವರ ಮುಂದೆ ಹೇಗೆ ಹೇಳುವುದು? ಅದಕ್ಕೇ "ಬೇಡ".

ಮೀಟರಿನ ಬಗ್ಗೆ ಅವರಿಗೆ ತಕರಾರೇ ಇಲ್ಲ. ಎರಡು ಬಚ್ಚಲುಗಳ ಕೆಲಸವನ್ನು ಬೇರೆ ಬೇರೆ ವಾರ ಮಾಡಿಸಿದರೆ ಸಾಕು. ಹಾಗೆಂದು ಎಲ್ಲವೂ ಬಗೆಹರಿಯಿತು ಎಂದಲ್ಲ. ಐದನೇ ಮಹಡಿಯ ಇನ್ನೊಬ್ಬರಿದ್ದಾರೆ, ಅವರ ಕಾರಣ ಮೂರು ಬಾತ್‌ಟಬ್‌ಗಳು.

ಮಲ್ಲೇಶ್ವರದ ಸೊಸೆ

ಓದಿ ಸಂತೋಷವಾಯಿತು. ಮನೆಯ ವಿಷಯ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಪತ್ರಿಕೆಗಳಲ್ಲಿ ಒಂದು ಸಲಹೆ ಬರುತ್ತಿರುತ್ತದೆ: ಯಾರಾದರೂ ಕಷ್ಟ ಹೇಳಿಕೊಂಡರೆ "ನಿಮಗೆ ಪರಿಹಾರ ಬೇಕೋ, ಕೇಳಿಸಿಕೊಂಡರೆ ಸಾಕೋ" ಎಂದು ಮೊದಲೇ ವಿಚಾರಿಸಿ ಎಂದು. ನಮ್ಮ ಅತ್ತೆಯವರಿಗೆ ಹೀಗೆ ಕೇಳಿದರೆ "ನಾನೇನು ಅರ್ಜಿ ಹಾಕಿದ್ದೇನೆಯೇ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಕೆಲಸ ಮಾಡುತ್ತಾ ಕೇಳುವ ಕಿವಿ. ಎದುರು ಕುಳಿತು ಕಣ್ಣಿಗೆ ಕಣ್ಣು ಕೊಟ್ಟರೆ ಅವರ ಮಾತು ಕಟ್ಟಿಹೋಗುತ್ತದೆ. ಅವರೆಕಾಳು ಸುಲಿಯಲು ಇಬ್ಬರೂ ಕುಳಿತರೆ, ಹಿದುಕುವಷ್ಟರಲ್ಲಿ ನಾದಿನಿಯ ಮನೆಯ ಪೂರ್ತಿ ಸಮಾಚಾರ ಹೊರಬಂದಿರುತ್ತದೆ. ಹದಿಹರೆಯದ ಮಗನೂ ಹೀಗೆಯೇ. ಸ್ಕೂಟರಿನ ಹಿಂದೆ ಕುಳಿತಾಗ, ನನ್ನ ಮುಖ ಅವನಿಗೆ ಕಾಣದಿರುವಾಗ ಮಾತನಾಡುತ್ತಾನೆ.

ಭಾಷಾವಿಜ್ಞಾನ ವಿದ್ಯಾರ್ಥಿನಿ

ಅಕ್ಕಾ, ಕೆಲಸ ಮಾಡುತ್ತಾ ಕೇಳುವಾಗಲೂ ನೀವು ನಡುನಡುವೆ "ಹೂಂ", "ಅಯ್ಯೋ", "ಆಮೇಲೆ?" ಎನ್ನುತ್ತೀರಲ್ಲವೇ? ಅದು ಸಣ್ಣ ವಿಷಯವಲ್ಲ. ಕೆನಡಾದಲ್ಲಿ ಜಾನೆಟ್ ಬವೆಲಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸ್ವಲ್ಪದರಲ್ಲಿ ಅಪಾಯ ತಪ್ಪಿದ ತಮ್ಮ ಅನುಭವವನ್ನು ಒಬ್ಬರು ಹೇಳಬೇಕು. ಕೇಳುಗರಲ್ಲಿ ಕೆಲವರಿಗೆ, ಕಥೆಯಲ್ಲಿ ಬರುವ ಒಂದು ನಿರ್ದಿಷ್ಟ ಅಕ್ಷರದಿಂದ ಶುರುವಾಗುವ ಪದಗಳನ್ನು ಗುಟ್ಟಾಗಿ ಎಣಿಸಲು ಹೇಳಿದ್ದರು. ಅವರು ಕಿವಿಗೊಟ್ಟೇ ಕೇಳಿದರು, ಆದರೆ ಕಥೆಗೆ ತಕ್ಕಂತೆ ಬೆಚ್ಚಲಿಲ್ಲ, ಉಸಿರೆಳೆಯಲಿಲ್ಲ. ಪರಿಣಾಮವಾಗಿ ಹೇಳುವವರ ಕಥೆಯೇ ಕೆಟ್ಟಿತು. ರೋಚಕವಾಗಬೇಕಿದ್ದ ಕೊನೆಯಲ್ಲಿ ತಡವರಿಸಿದರು, ಹೇಳಿದ್ದನ್ನೇ ಮತ್ತೆ ಹೇಳಿ ಸಮಜಾಯಿಷಿ ಕೊಟ್ಟರು.

ಕಥೆ ಹೇಳುವ ಅಜ್ಜಿ "ಹೂಂಗುಟ್ಟದಿದ್ದರೆ ನಿಲ್ಲಿಸುತ್ತೇನೆ" ಎಂದು ಗದರುತ್ತಿದ್ದುದು ಸುಮ್ಮನೆ ಅಲ್ಲ.

ವೈದ್ಯೆ, ರಾಜಾಜಿನಗರ

ಮಗನ ವಿಷಯ ಬಂದದ್ದರಿಂದ ಒಂದು ಮಾತು. ಹೂಂಗುಟ್ಟಿದರೆ ಸಾಲದ ಸಂದರ್ಭಗಳೂ ಇವೆ. ಬದುಕುವುದೇ ಬೇಡ ಎಂಬ ಅರ್ಥದ ಮಾತು ಯಾರಿಂದ ಬಂದರೂ ಒಳ್ಳೆಯ ಕೇಳುಗರಾಗಿ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಪ್ರಧಾನ ಕೇಂದ್ರ.

ನಿವೃತ್ತ ಸ್ಟೇಷನ್ ಮಾಸ್ಟರ್

ಕಾರ್ಯದರ್ಶಿಗಳೇ, ನಿಮ್ಮ ಸಭೆ ಎಲ್ಲಿ ಸೇರುತ್ತದೆ? ನೆಲಮಾಳಿಗೆಯ ಪಾರ್ಕಿಂಗಿನಲ್ಲೇ? ಹಾಗಿದ್ದರೆ ಅರ್ಧ ಜಗಳ ಅಲ್ಲಿಂದಲೇ. ನನಗೀಗ ಶ್ರವಣಯಂತ್ರ ಇದೆ. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ವರಗಳು. ದನಿ ಕೇಳಿಸುತ್ತದೆ, ಸ, ಶ, ತ ಮುಂತಾದವು ಮಸುಕಾಗುತ್ತವೆ. "ಮಾತನಾಡುತ್ತಿದ್ದಾರೆ" ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕಾಂಕ್ರೀಟ್ ಗೋಡೆಯ ಪ್ರತಿಧ್ವನಿ ಸೇರಿದರೆ ಮುಗಿಯಿತು. ಅರವತ್ತು ದಾಟಿದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನರಿಗೆ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿಸದವರು ಕೇಳಿಸಲಿಲ್ಲ ಎನ್ನುವುದಿಲ್ಲ, ನಕ್ಕು ತಲೆಯಾಡಿಸುತ್ತಾರೆ ಅಥವಾ ಎಲ್ಲದಕ್ಕೂ ಬೇಡ ಎನ್ನುತ್ತಾರೆ.

ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮಾತನಾಡುವವರ ಮುಖ ಬೆಳಕಿನಲ್ಲಿರಲಿ, ತುಟಿ ಕಾಣಲಿ. ಕಿರುಚುವುದು ಬೇಡ, ನಿಧಾನವಾಗಿ ಹೇಳಿದರೆ ಸಾಕು. ಮನೆಯವರು ಆಡಿಯಾಲಜಿಸ್ಟ್ ಬಳಿ ಒಮ್ಮೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಲಿ. ಅರ್ಧ ಗಂಟೆಯ ಕೆಲಸ, ನೋವಿಲ್ಲ.

ಕನಕಪುರ ರಸ್ತೆ ಕಾರ್ಯದರ್ಶಿ

ಪಾರ್ಕಿಂಗಿನಲ್ಲೇ ಸರ್, ಜನರೇಟರ್ ಪಕ್ಕ. ಮುಂದಿನ ಸಭೆಯನ್ನು ಮಕ್ಕಳ ಆಟದ ಕೊಠಡಿಗೆ ಬದಲಾಯಿಸಿದ್ದೇನೆ, ನೆಲಕ್ಕೆ ರಬ್ಬರ್ ಹಾಸಿದೆ. ಕಾರ್ಯಸೂಚಿ ಕನ್ನಡದಲ್ಲೂ ಇರುತ್ತದೆ. ಕಾವಲುಗಾರರ ಮೇಲ್ವಿಚಾರಕರಿಗೂ ಹತ್ತು ನಿಮಿಷ ಇಟ್ಟಿದ್ದೇನೆ. ತಿರುಗಿ ಹೇಳುವ ನಿಯಮವನ್ನು ಮೀಟರ್ ವಿಷಯಕ್ಕೆ ಮಾತ್ರ ಪ್ರಯೋಗಿಸುತ್ತೇವೆ, ಇಲ್ಲದಿದ್ದರೆ ಬೆಳಗಾಗುತ್ತದೆ. ಕೈಗೊಂದು ಮೈಕ್ ತರಿಸಬೇಕೆಂದಿದ್ದೇನೆ.

ಸಂಶಯಪಿಶಾಚಿ

ಮೈಕನ್ನು ಬಾಡಿಗೆಗೆ ತನ್ನಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಇದ್ದರೆ ಅಧ್ಯಕ್ಷರು ಬೇಗ ಕೆಳಗಿಡುತ್ತಾರೆ.